ತೋಳಿನ ಅಳತೆ

ಆಶ್ರಮದ ಹಿರಿಯಮ್ಮನವರೇ,

ಸನ್ಯಾಸಿನಿಯರಿಗೆ ಬಂದ ಕಾಗದಗಳನ್ನೆಲ್ಲ ಒಡೆದು ಓದುವ ನಿಮಗೆ, ಓದಿದ್ದನ್ನು ಹೇಳುವ ಬಾಯಿ ಯಾಕಿಲ್ಲ? ನನ್ನ ಮಗಳು ತೀರಿಕೊಂಡಳೆಂದು ನಿಮ್ಮಲ್ಲಿರುವ ಮೊಮ್ಮಗಳಿಗೆ ಎರಡು ತಿಂಗಳ ಹಿಂದೆಯೇ ಬರೆದಿದ್ದೆ. ನಿನ್ನೆ ಅವಳ ಕಾಗದ ಬಂತು: “ಅಜ್ಜೀ, ಅಮ್ಮನ ಕೆಮ್ಮು ಹೇಗಿದೆ? ನನ್ನ ಸ್ವೆಟರ್ ಮುಗಿಸಿದಳಾ?”

ಮೌನವ್ರತದಲ್ಲಿರುವವರಿಗೆ ಸಾವಿನ ಸುದ್ದಿ ಮುಟ್ಟಿಸಬಾರದೆಂಬುದು ನಿಮ್ಮ ಕಟ್ಟಳೆ ಇರಬಹುದು. ಆದರೆ ಅವಳ ವ್ರತ ಮುಗಿದಿದೆ. ಅವಳ ಈ ಕಾಗದವನ್ನೂ ನೀವೇ ಓದಿ ಅಂಚೆಗೆ ಹಾಕಿದ್ದೀರಿ.

ನನಗೆ ಅಳು ಬರುತ್ತಿಲ್ಲ. ಸ್ವೆಟರ್ ಹಿಡಿದು ಕೂತಿದ್ದೇನೆ. ಮೈ ಆಗಿದೆ, ತೋಳು ಬಾಕಿ. ಅಳತೆ ಅವಳ ಅಮ್ಮನ ತಲೆಯಲ್ಲೇ ಇತ್ತು.

ಊಟವಾದ ಮೇಲೆ ಪಕ್ಕದಲ್ಲಿ ಕೂತು ಅವಳಿಗೆ ಹೇಳಿ. ಆಮೇಲೆ ತೋಳಿನ ಅಳತೆಯನ್ನು ಅವಳ ಕೈಯಿಂದಲೇ ಬರೆಸಿ. ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅವಳ ಅಜ್ಜಿ