ಕಳ್ಳಾಟ ನಿನ್ನದಲ್ಲ

ಪುಟ್ಟೀ,

ಆ ಹಳೆ ಕಂಪ್ಯೂಟರಿಗೆ ನನ್ನ ಎರಡು ತಿಂಗಳ ಹೊಲಿಗೆ ದುಡ್ಡು ಹೋಯಿತು, ಅದನ್ನು ನಡೆಸೋ ಲಿನಕ್ಸ್ ಮಾತ್ರ ಬಿಟ್ಟಿ. ಬಿಟ್ಟಿ ಸಿಕ್ಕಿತೆಂದು ಬೀಗಿದವಳೂ ನಾನೇ.

ಎದುರು ನಿಂತು ಹೇಳಲು ಮುಖವಿಲ್ಲದೆ ಬರೆದಿಟ್ಟು ಅಂಗಡಿಗೆ ಹೊರಟಿದ್ದೇನೆ. ನಿನ್ನೆ ಕಂಪ್ಯೂಟರ್ ರಿಪೇರಿಯವನು ಪ್ಯಾಂಟು ಹೊಲಿಸಲು ಬಂದಿದ್ದ. ಮೋಸ ಮಾಡಿದ್ದೀಯೆಂದು, ಕಂಪ್ಯೂಟರಿನಲ್ಲಿ ನೀನು ತಂಡದ ಜೊತೆ ಆಡುವ ಆಟ ನಿನ್ನನ್ನು ಹೊರಗೆ ಹಾಕಿದ್ದನ್ನು ಅವನಿಗೆ ಹೇಳಿದೆ.

"ಅಯ್ಯೋ ಅಕ್ಕಾ, ಲಿನಕ್ಸಲ್ಲಿ ಈಗ ಬೇಕಾದಷ್ಟು ಆಟ ಓಡುತ್ತೆ. ಆದ್ರೆ ಕೆಲವು ಆಟದಲ್ಲಿ ಮೋಸಗಾರರನ್ನ ಹಿಡಿಯೋ ಕಾವಲು ಇರುತ್ತೆ. ಲಿನಕ್ಸ್ ಕಂಡ್ರೆ ಸಾಕು, ಹಿಂದೆಮುಂದೆ ನೋಡದೆ ಕತ್ತು ಹಿಡಿದು ಆಚೆ ದಬ್ಬುತ್ತೆ. ಹುಡುಗಿ ಏನು ಮಾಡ್ತಾಳೆ ಪಾಪ!" ಎಂದ.

ನಾನು ಮಾಡಿದ್ದೂ ಅದೇ. ನಿನ್ನ ತಂಡದ ಹುಡುಗಿಯರು ಮೈಕಿನಲ್ಲಿ ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಿದ್ದೂ, "ಕಳ್ಳಾಟ ಆಡಿ ಮರ್ಯಾದೆ ತೆಗೆದೆಯಲ್ಲೇ!" ಎಂದು ಕೂಗಿದೆ. ಬಟ್ಟೆಗಾದರೆ ಅಳೆಯದೆ ಕತ್ತರಿ ಇಡದವಳು ನಾನು.

ಹಾಲು ಕಾಯಿಸಿಟ್ಟಿದ್ದೇನೆ, ಸಿಟ್ಟು ಇದ್ದರೂ ಕುಡಿ. ಮಧ್ಯಾಹ್ನ ರಿಪೇರಿಯವನು ಬಂದರೆ ಬಾಗಿಲು ತೆಗೆ. ನೀನು ಹೂಂ ಎಂದರೆ ಮಾತ್ರ ಲಿನಕ್ಸ್ ಪಕ್ಕದಲ್ಲೇ ಆ ಆಟ ಒಪ್ಪುವ ವಿಂಡೋಸ್ ಹಾಕಲಿ, ಖರ್ಚು ನನ್ನದು. ನಿನ್ನ ಉಳಿದ ಆಟಗಳನ್ನು ಮುಟ್ಟಕೂಡದೆಂದು ಅವನಿಗೆ ಹೇಳಿದ್ದೇನೆ.

ತಂಡದ ನಾಯಕಿಯ ನಂಬರು ಬರೆದಿಡು. ತಪ್ಪು ನನ್ನದೆಂದು ನಾನೇ ಹೇಳುತ್ತೇನೆ. ನಿನ್ನ ಬದಲು ಬೇರೆ ಹುಡುಗಿಯನ್ನು ಸೇರಿಸಿಕೊಂಡರೆಂದು ನಿನ್ನ ತಮ್ಮನಿಂದ ತಿಳಿಯಿತು. ಯಂತ್ರ ಹೊರಗೆ ಹಾಕಿದ್ದು ಒಂದು ಆಟದಿಂದ. ತಂಡದಲ್ಲಿದ್ದ ನಿನ್ನ ಜಾಗ ಹೋದದ್ದು ನನ್ನ ಬಾಯಿಂದ.

ಅಮ್ಮ