ಪೇರಲ ಹಿಡಿಯ ಸಾಕ್ಷಿಮಾತು

ಧಾರವಾಡದ ಬೋಳುಗುಡ್ಡದಿಂದ, ಬಿಸಿಗಾಳಿ ಶಕೆ ೨೧೪, ಬಾರದ ಮಳೆಯ ಮಾಸ.

ಮರಗಳ ಕಾಲದ ಮಹಾಜನರೇ! ಮುನ್ನೂರು ವರ್ಷಗಳ ಆಚೆಯಿಂದ, ರಂಗದಾಟ ನಡೆಸುವ ಸಾರಥಿ ಅಡಿವೆಪ್ಪನ ಶರಣು. ನೀವು ಕೇಳರಿಯದ ಪದಗಳು ನುಸುಳಿದರೆ ಕ್ಷಮೆಯಿರಲಿ, ದನಿ ಜೋರಾದರೂ ಕ್ಷಮೆಯಿರಲಿ. ರಂಗದ ಮೇಲೆ ಬೆಳೆದವನು ನಾನು, ಮೆಲ್ಲಗೆ ಬರೆಯುವುದನ್ನು ಕಲಿಯಲೇ ಇಲ್ಲ.

ಇಲ್ಲಿ ನಿಂತ ಮರವೆಂಬುದಿಲ್ಲ. ನಮ್ಮ ಊಟ ತೊಟ್ಟಿಯಲ್ಲಿ ಬೆಳೆಸಿದ ಪಾಚಿಯ ಗಟ್ಟಿ. ಕೊಯ್ಯಲು ಚೂರಿ ಬೇಕು, ಚೂರಿಗೆ ಹಿಡಿ ಬೇಕು. ಬಿದ್ದ ಮನೆಗಳ ಅಡಿಯಿಂದ ಅಗೆದು ತೆಗೆದ ಕಟ್ಟಿಗೆಗೆ ನಾವು ‘ಪಾಳುಮರ’ ಎನ್ನುತ್ತೇವೆ. ಮದುಮಗಳು ಹೊಸ ಒಲೆಗೆ ಒಯ್ಯುವ ಚೂರಿಗಂತೂ ಈ ನೆಲದ ಹಣ್ಣಿನ ಮರವೇ ಆಗಬೇಕು. ಮಾವು, ಹುಣಸೆ, ಪೇರಲ: ತಿಂದವರು ಯಾರೂ ಇಲ್ಲ, ಹಿಡಿದವರುಂಟು. ಚೂರಿ ಕೊಡುವ ಮುನ್ನ ಸಾರಥಿಯಾದವನು ರಂಗವೇರಿ ಸಾಕ್ಷಿಮಾತು ಕೂಗಬೇಕು: “ಈ ಮರ ತಾನಾಗಿ ಸತ್ತದ್ದು, ನಾವು ಕೊಂದದ್ದಲ್ಲ!” ನಮ್ಮ ಹಿರಿಯರು, ಅಂದರೆ ನೀವು, ಮಾಡಿದ್ದಕ್ಕೆ ನಾವು ಕಟ್ಟಿಕೊಂಡ ಕಟ್ಟಳೆ ಅದು.

ಹಿಡಿ ಮಾಡುವ ಗಂಗಿಮಾಳವ್ವನಿಗೆ ಮೊಮ್ಮಗಳು ನಿಂಬೆವ್ವನ ಮದುವೆಗೆ ಸರಿಯಾಗಿ ಪಾಳುಗೋಡೆಯೊಂದರ ಬುಡದಲ್ಲಿ ಬೊಡ್ಡೆ ಸಿಕ್ಕಿತು. ನುಣುಪು ತೊಗಟೆ ನೋಡಿಯೇ ಪೇರಲವೆಂದಳು. ಅದರ ಮೈಮೇಲೆ ಎರಡು ಹಸಿರು ಚೂರು. ಪಾಳುಮರದ ಮೇಲೆ ಹಸಿರು ಕಂಡರೆ ಅದು ಕಟ್ಟಿಗೆ ಕೊಳೆಸುವ ಬೂಸ್ಟು ಎಂಬುದು ಅವಳ ಕಸುಬಿನ ಮೊದಲ ಪಾಠ. “ಬೂಸ್ಟ್ ಹತ್ತೇತಿ, ಇದರ ಸುಡ್ಲಿ!” ಎಂದು ಕೆತ್ತಿ ಎಸೆದಳು. ಬೊಡ್ಡೆಯನ್ನು ಭಟ್ಟಿಯಲ್ಲಿ ಒಣಗಿಸಿ, ಅರದಿಂದ ತಿಕ್ಕಿ, ಎಣ್ಣೆ ಹಚ್ಚಿ ಹಿಡಿ ಕೂರಿಸಿದಳು. ಎಂಥ ಹಿಡಿ! ಅಂಗೈಗೆ ಅಂಗೈ ಕೊಟ್ಟಂತಿತ್ತು.

ಮದುವೆಯ ದಿನ ನಾನು ವರ್ಷಗಟ್ಟಲೆ ಸುತ್ತಿಟ್ಟಿದ್ದ ನಾಟಕದ ತೋಟದ ಪರದೆಯನ್ನು ರಂಗದ ಹಿಂದೆ ಬಿಚ್ಚಿದೆ. ಅದರಲ್ಲಿ ಬಣ್ಣದ ಪೇರಲ ಗಿಡ. ಬುಡದಲ್ಲಿ ಎರಡು ಎಳೆ ಎಲೆ. ಗಂಗಿಮಾಳವ್ವ ಹತ್ತಿರ ಬಂದು ಬೆರಳಿಟ್ಟಳು.

“ಸಾರಥಿ ತಮ್ಮಾ, ಇದೇನಪಾ? ಪರದೇದಾಗ ಬೂಸ್ಟ್ ಬರದಾರೇನ?”

“ಬೂಸ್ಟ್ ಅಲ್ಲ ಯಕ್ಕಾ, ಚಿಗುರು. ಗಿಡಕ್ಕ ಜೀವ ಇದ್ದಾಗ ಬರೋದು.”

“ಆ ಬೊಡ್ಡಿ ಮ್ಯಾಲ ಇಂಥಾವ ಎರಡಿದ್ದುವು, ನಾ ಕೆತ್ತಿ ಒಗದೇನಿ.”

ಜನ ಕಾದಿತ್ತು. ಗುಡ್ಡದಾಚೆಗೂ ಮೊಳಗುವ ನನ್ನ ಕಂಠದಿಂದ ಸಾಕ್ಷಿಮಾತು ಹೊರಡಲಿಲ್ಲ. “ಏ ಸಾರಥಿ, ಮಾತ್ ಮರ್ತ್ಯೇನೋ? ಹಿಂದ ನಿಂತು ಹೇಳಿಕೊಡ್ಲೇನು?” ಎಂದು ಯಾರೋ ನಕ್ಕರು. ಆಗ ಮುದುಕಿಯೇ ರಂಗವೇರಿದಳು.

“ಇದು ಸತ್ತಿದ್ದಿಲ್ರೀ. ನಾನ ಕೊಂದೇನಿ.”

ನಿಂಬೆವ್ವ ಹಿಡಿಯನ್ನು ಕಳಚಿ ಅಜ್ಜಿಯ ಕೈಗಿಟ್ಟಳು. ಬರೀ ಅಲಗನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಡನ ಮನೆಗೆ ನಡೆದಳು. ಬೇರಿನ ಎಳೆಯೇನಾದರೂ ಉಳಿದೀತೆಂದು ಆ ಗೋಡೆಯ ಬುಡವನ್ನು ಅಗೆದು ನೋಡಿದೆವು. ಒಂದೆಳೆಯೂ ಇರಲಿಲ್ಲ. ಗಂಗಿಮಾಳವ್ವ ಹಿಡಿಯನ್ನು ಅಲ್ಲೇ ನೆಟ್ಟು, ಕುಡಿಯಲು ಬಂದ ತನ್ನ ಪಾಲಿನ ನೀರನ್ನು ಅದಕ್ಕೆ ಎರೆಯುತ್ತಾಳೆ. ಭಟ್ಟಿ ಕಂಡ ಮರ ಚಿಗುರದೆಂದು ಅವಳಿಗೆ ಹೇಳುವ ಬಾಯಿ ನಮ್ಮೂರಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ.

ಮಹಾಜನರೇ, ಮರ ಉಳಿಸಿರೆಂದು ನಾನು ಬೇಡುವುದಿಲ್ಲ. ಅದು ನಿಮ್ಮಿಂದಾಗಲಿಲ್ಲವೆಂದು ಬಲ್ಲೆ. ನಿಮ್ಮ ಮಕ್ಕಳ ಬೆರಳು ಹಿಡಿದು ಒಂದು ಚಿಗುರನ್ನು ಮುಟ್ಟಿಸಿರಿ, ಅಷ್ಟೇ. ಹೀಗಿರುತ್ತದೆ, ಇದನ್ನು ಕೆತ್ತಬೇಡ ಎಂದು ಅವರು ತಮ್ಮ ಮಕ್ಕಳಿಗೆ ಹೇಳಲಿ. ಆ ಮಾತು ಬಾಯಿಂದ ಬಾಯಿಗೆ ನಡೆದು ನಮ್ಮ ಗುಡ್ಡ ಹತ್ತಲಿ. ಗಂಗಿಮಾಳವ್ವ ಚೂರಿ ಎತ್ತುವ ಮುನ್ನ ಅವಳ ಕಿವಿ ಮುಟ್ಟಲಿ.