ಮಾತು ಬಿಟ್ಟಿದ್ದೇನೆ, ಅವಳನ್ನಲ್ಲ

ಇಲಾಖೆಯ ಅತಿಥಿಗೃಹ, ಎರಡನೇ ಮಹಡಿ
ನವೆಂಬರ್ ೧೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆ,

ಸೊಸೆಯ ನಮಸ್ಕಾರಗಳು. ಮಂಡಿನೋವು ಹೇಗಿದೆ? "ಪರವಾಗಿಲ್ಲ" ಎಂದು ಮಾತ್ರ ಬರೆಯಬೇಡಿ, ಆ ಪದದೊಳಗೆ ನೀವು ಎಷ್ಟು ನೋವು ಬಚ್ಚಿಡಬಲ್ಲಿರಿ ಎಂದು ನನಗೆ ಗೊತ್ತು. ಡಾಕ್ಟರು ಹೇಳಿದ ವ್ಯಾಯಾಮ ದಿನವೂ ನಡೆಯುತ್ತಿದೆಯೋ, ಇಲ್ಲ ನಿಮ್ಮ ಮಗ ನೋಡುವಾಗ ಮಾತ್ರವೋ? ಜೀವಮಾನವಿಡೀ ಶಾಲೆಯ ಮಕ್ಕಳಿಗೆ ಡ್ರಿಲ್ ಮಾಡಿಸಿದ ಹೆಡ್‌ಮೇಡಂ ತಾವು ಕಾಲೆತ್ತುವ ಹೊತ್ತಿಗೆ ಕಳ್ಳಾಟ ಆಡಿದರೆ ದೂರು ಕೊಡುವುದು ಯಾರಿಗೆ? ಫೋನಿನಲ್ಲಿ ಇದನ್ನೆಲ್ಲ ಕೇಳೋಣವೆಂದರೆ ನಿಮಗೆ ಅರ್ಧ ಕೇಳಿಸುತ್ತದೆ, ಉಳಿದರ್ಧವನ್ನು ನಿಮ್ಮ ಮಗ ತಮಗೆ ಬೇಕಾದ ಹಾಗೆ ತಿದ್ದಿ ಹೇಳುತ್ತಾರೆ. ಅನುವಾದಕರ ಬುದ್ಧಿ, ಮನೆಮಾತನ್ನೂ ಬಿಡುವುದಿಲ್ಲ. ಅದಕ್ಕೇ ಕಾಗದ. ನನ್ನ ನೆಗಡಿ ಹೋಯಿತು. ಕಿಟಕಿಯಿಂದ ಒಳ್ಳೆಯ ಬಿಸಿಲು ಬೀಳುತ್ತಿದೆ. ಒಗೆದ ಬಟ್ಟೆ ಕುರ್ಚಿಯ ಬೆನ್ನಿಗೆ ಹರವಿ, ಕಾಲು ನೀಡಿ ಕೂತು ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ ತುಂಬಾ ದಿನಗಳ ನಂತರ ಮನಸ್ಸು ಹಗುರಾಗಿದೆ.

ಈ ಕೆಲಸದ ಆದೇಶ ಬಂದ ದಿನ ನೀವು ಕನ್ನಡಕ ಮೇಲೇರಿಸಿ, "ಸಲಹೆ ಕೊಡೋದಕ್ಕೂ ಸಂಬಳವಾ? ಇಷ್ಟು ವರ್ಷ ನಾನು ಪುಕ್ಕಟೆ ಕೊಟ್ಟೆನಲ್ಲೇ" ಎಂದಿರಿ. ಇಲ್ಲಿ ಯಾರಾದರೂ ನನ್ನನ್ನು ಸಲಹೆಗಾರ್ತಿ ಎಂದು ಪರಿಚಯ ಮಾಡಿಸಿದಾಗಲೆಲ್ಲ ಅದು ನೆನಪಾಗಿ ನಗು ತಡೆದುಕೊಳ್ಳುವುದೇ ಕಷ್ಟವಾಗುತ್ತದೆ. ನಾನು ಮಾಡುವುದು ಏನು ಎಂದು ಹೋದ ಸಲವೂ ಕೇಳಿದ್ದಿರಿ, ಈ ಸಲ ಸರಿಯಾಗಿ ಹೇಳುತ್ತೇನೆ. ಈ ಇಲಾಖೆಯದ್ದು ಒಂದೇ ಮನೆಯಲ್ಲಿ ನಾಲ್ಕು ಒಲೆ ಹೂಡಿದಂಥ ಸಂಸಾರ. ವಯಸ್ಸಾದವರ ಮಾಸಾಶನ ಒಬ್ಬರದು, ವಿಧವೆಯರದು ಇನ್ನೊಬ್ಬರದು, ಅಂಗವಿಕಲರದು ಮತ್ತೊಬ್ಬರದು, ಮಕ್ಕಳ ಪೋಷಣೆಯದು ಮಗದೊಬ್ಬರದು. ಒಂದೇ ಕಾರಿಡಾರಿನ ನಾಲ್ಕು ಕೋಣೆ, ನಾಲ್ಕು ಬಗೆಯ ಕಂಪ್ಯೂಟರ್. ಒಬ್ಬರ ಹತ್ತಿರ ಉಪ್ಪು ಇದೆಯೋ ಇಲ್ಲವೋ ಪಕ್ಕದವರಿಗೆ ತಿಳಿಯದು. ಗಂಡನನ್ನೂ ಕಳೆದುಕೊಂಡು ಕಾಲನ್ನೂ ಕಳೆದುಕೊಂಡವಳು ಎರಡು ಕೋಣೆಯ ಮುಂದೆ ಎರಡು ಸಲ ನಿಂತು ಅದೇ ಕಥೆ ಹೇಳಬೇಕು. ಈ ಒಲೆಗಳನ್ನೆಲ್ಲ ಒಂದು ಮಾಡುವ ವ್ಯವಸ್ಥೆಯನ್ನು ಒಂದು ಕಂಪನಿ ಕಟ್ಟಿಕೊಟ್ಟಿದೆ, ಸದ್ಯಕ್ಕೆ ಈ ಜಿಲ್ಲೆಯಲ್ಲಿ ಮಾತ್ರ ಪ್ರಯೋಗಕ್ಕೆಂದು ಓಡುತ್ತಿದೆ. ಅದು ಸರಿಯಾಗಿದೆಯೇ, ದೇಶಕ್ಕೆಲ್ಲ ಹರಡಬಹುದೇ ಎಂದು ನೋಡಿ ಹೇಳುವುದು ನನ್ನ ಕೆಲಸ. ಮೊನ್ನೆ ಶುಕ್ರವಾರ ಸಚಿವರು ಅದನ್ನು ಘೋಷಿಸುವವರಿದ್ದರು. ಅದಕ್ಕೆ ಮೊದಲು "ಸಿದ್ಧವಾಗಿದೆ" ಎಂದು ನಾನು ರುಜು ಹಾಕಬೇಕಿತ್ತು.

ಮಂಗಳವಾರ ಬೆಳಿಗ್ಗೆ ಅದಕ್ಕೇ ಕೂತಿದ್ದೆ. ಕೆಳಗಿನ ಕೌಂಟರಿನಲ್ಲಿ ಏನೋ ಗಲಾಟೆ ಕೇಳಿಸಿತು. ನಿಮಗೆ ಗೊತ್ತಲ್ಲ, ಜಗಳ ಎಲ್ಲಿದ್ದರೂ ನನಗೆ ಕಾಲು ನಿಲ್ಲುವುದಿಲ್ಲ. ಇಳಿದು ಹೋದೆ. ತೆಳ್ಳಗಿನ ಒಬ್ಬ ಮುದುಕಿ, ನೆಟ್ಟಗಿನ ಬೆನ್ನು, ಗಾಜಿನ ಆಚೆಯ ಗುಮಾಸ್ತನ ಜೊತೆ ದನಿ ಏರಿಸದೆ ಜಗಳ ಆಡುತ್ತಿದ್ದರು. ಗುಮಾಸ್ತ ಪಾಪ ಒಳ್ಳೆಯವನೇ. ಪರದೆ ತಿರುಗಿಸಿ ತೋರಿಸಿ, ನಿಮ್ಮ ಮಾಸಾಶನ ತಿಂಗಳು ತಪ್ಪದೆ ಹೋಗುತ್ತಿದೆಯಲ್ಲ ಅಜ್ಜಿ, ದೂರು ಯಾತಕ್ಕೆ ಎಂದು ಕೇಳುತ್ತಿದ್ದ. ನನ್ನದು ಬರುತ್ತಿದೆ, ಅವಳದು ನಿಂತಿದೆ ಎನ್ನುತ್ತಿದ್ದರು ಅಜ್ಜಿ. ಯಾರದು ಎಂದರೆ ಹೆಸರು ಹೇಳದೆ ಹೊರಗಿನ ಬೆಂಚಿನ ಕಡೆ ಗಲ್ಲ ಎತ್ತಿ ತೋರಿಸಿದರು. ನಾನು ಬಾಗಿಲಾಚೆ ನೋಡಿದೆ. ಅತ್ತೆ, ನಂಬುತ್ತೀರಾ? ಅದೇ ಮುಖ, ಅದೇ ಬೆನ್ನು, ಅದೇ ಗಲ್ಲ, ಬೇಕೆಂದೇ ರಸ್ತೆಯ ಕಡೆ ತಿರುಗಿಸಿಕೊಂಡು ಕೂತಿತ್ತು. ಅವಳಿಜವಳಿ.

ಇಬ್ಬರನ್ನೂ ನನ್ನ ಕೋಣೆಗೆ ಕರೆದೆ. ಜಗಳ ಆಡುತ್ತಿದ್ದವರು ಅಕ್ಕ, ಬೆಂಚಿನ ಮೇಲಿದ್ದವರು ತಂಗಿ, ಇಬ್ಬರೂ ದರ್ಜಿಗಳು. ಅಕ್ಕಪಕ್ಕದ ಎರಡು ಬಾಗಿಲು, ಒಂದೇ ಜಗುಲಿ, ಇಬ್ಬರಿಗೂ ಒಂದೊಂದು ಹೊಲಿಗೆ ಯಂತ್ರ. ಮೊದಲು ಅಂಗಡಿ ಒಂದೇ ಆಗಿತ್ತಂತೆ. ಯಾರೋ ಮೇಷ್ಟರ ಕೋಟಿನ ತೋಳು ಗಿಡ್ಡವಾಯಿತು. ತಪ್ಪು ಅಳತೆ ತೆಗೆದದ್ದು ಅವಳು ಎಂದು ಇವಳು, ಕತ್ತರಿಸಿದ್ದು ಇವಳು ಎಂದು ಅವಳು. ಆ ಮೇಷ್ಟರು ಸತ್ತು ಎಷ್ಟೋ ಕಾಲವಾಯಿತು, ಕೋಟು ಏನಾಯಿತೋ ಯಾರಿಗೂ ತಿಳಿಯದು, ಇವರಿಬ್ಬರಿಗೆ ಮಾತ್ರ ಅಂದಿನಿಂದ ಮಾತಿಲ್ಲ. ಆಫೀಸಿಗೂ ಒಂದೇ ಬಸ್ಸಿನಲ್ಲಿ ಬಂದು ಬೇರೆ ಬೇರೆ ಸೀಟಿನಲ್ಲಿ ಕೂತಿದ್ದರಂತೆ. ನಗಬೇಡಿ, ಮುಂದಿದೆ.

ಕಂಪನಿಯವರ ಯಂತ್ರಕ್ಕೆ ಒಂದು ಚಟ. ಹೆಸರು, ಹುಟ್ಟಿದ ದಿನ, ತಂದೆತಾಯಿ, ಮನೆ, ಮುಖದ ಫೋಟೋ ಎಲ್ಲವನ್ನೂ ಹೋಲಿಸಿ ನೋಡುತ್ತದೆ. ಹೆಚ್ಚುಕಡಿಮೆ ಒಂದೇ ಎನಿಸಿದರೆ, ಒಬ್ಬರೇ ಎರಡು ಕಡೆ ತಿನ್ನುತ್ತಿದ್ದಾರೆ ಎಂದು ತೀರ್ಮಾನಿಸಿ ಇಬ್ಬರನ್ನು ಒಬ್ಬರನ್ನಾಗಿ ಹೊಲಿದುಬಿಡುತ್ತದೆ. ಅಪ್ಪ ಅಮ್ಮ ಇವರಿಗೆ ಒಂದು ಅಕ್ಷರ ಮಾತ್ರ ಬೇರೆ ಇರುವ ಹೆಸರಿಟ್ಟಿದ್ದರು. ಹಾಗಾಗಿ ಬೇಸಿಗೆಯ ಹೊತ್ತಿಗೆ ತಂಗಿ ಅಕ್ಕನೊಳಗೆ ಸೇರಿಹೋದರು. ತಂಗಿ ಒಂದು ಸಲ ಒಬ್ಬರೇ ಬಂದು ಇದೇ ಕೌಂಟರಿನಲ್ಲಿ ಕೇಳಿದ್ದರಂತೆ. ಪರದೆಯ ಮೇಲಿನ ಫೋಟೋ ನೋಡಿ, ಇವರ ಮುಖ ನೋಡಿ, "ಇದು ನೀವೇ ಅಲ್ಲವಾ ಅಜ್ಜಿ, ಮರೆವಾ?" ಎಂದು ಕೇಳಿ ಕಳಿಸಿದ್ದಾರೆ. ಆ ಮಾತು ಅವರಿಗೆ ನಾಟಿಬಿಟ್ಟಿದೆ. ನಿಜವಾಗಿಯೂ ಮರೆವು ಶುರುವಾಯಿತೇನೋ ಎಂದು ಹೆದರಿ ಬಾಗಿಲು ಹಾಕಿಕೊಂಡು ಕೂತಿದ್ದಾರೆ. ಇತ್ತ ಅಕ್ಕನಿಗೆ ಪಕ್ಕದ ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದೂ ಕೇಳಿಸದು, ಒಗ್ಗರಣೆಯ ಸದ್ದೂ ಕೇಳಿಸದು. ನೆರೆಯವರಿಂದ ಸಂಗತಿ ತಿಳಿದುಕೊಂಡು, ತನಗೆ ಬಂದದ್ದರಲ್ಲೇ ದಿನಸಿ, ಔಷಧಿ ತಂದು ಪ್ರತಿವಾರ ತಂಗಿಯ ಕಿಟಕಿಯ ಮೇಲಿಟ್ಟು ಬರುತ್ತಿದ್ದರಂತೆ. ತಂಗಿ ತೆಗೆದುಕೊಳ್ಳುತ್ತಿದ್ದರು. ಆಗಲೂ ಮಾತಿಲ್ಲ.

ನಾನು ಬಾಯಿ ತಪ್ಪಿ ಕೇಳಿಬಿಟ್ಟೆ, ಮಾತೇ ಇಲ್ಲದ ಮೇಲೆ ಅವರಿಗಾಗಿ ಇಷ್ಟು ದೂರ ಬಂದಿರಲ್ಲ ಎಂದು. ಅಕ್ಕ ನನ್ನನ್ನು ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದರು.

"ಮಾತು ಬಿಟ್ಟಿದ್ದೀನಮ್ಮ, ಅವಳನ್ನ ಬಿಟ್ಟಿಲ್ಲ. ನನ್ನ ಜೊತೆ ಮಾತಾಡಲ್ಲ ಅಂತ ಅವಳು ಇಲ್ಲವೇ ಇಲ್ಲ ಅಂತ ಸರ್ಕಾರ ಹೇಳಿದ್ರೆ ಆಯ್ತಾ?"

ತಂಗಿ ಗೋಡೆಯ ಮೇಲಿನ ನಕ್ಷೆ ನೋಡುತ್ತಿದ್ದರು. ಅದರಿಂದ ಕಣ್ಣು ತೆಗೆಯದೆ ನನಗೆ ಹೇಳಿದರು, "ಅವಳು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಸಕ್ಕರೆ ಕಾಯಿಲೆ. ಒಂದು ಬಿಸ್ಕತ್ತಾದ್ರೂ ತಿನ್ನೋಕೆ ಹೇಳಿ." ಮೇಜಿನ ಡ್ರಾಯರಿನಲ್ಲಿ ನಿಮ್ಮ ಮಗ ತುಂಬಿ ಕಳಿಸಿದ ಬಿಸ್ಕತ್ತು ಇತ್ತು. ಅಕ್ಕ ಮರುಮಾತಿಲ್ಲದೆ ತಿಂದರು.

ಅವರಿಬ್ಬರನ್ನು ಹಾಗೆಯೇ ನಿರ್ದೇಶಕರ ಕೋಣೆಗೆ ಕರೆದುಕೊಂಡು ಹೋದೆ. ನಿರ್ದೇಶಕರು ಕೆಟ್ಟವರಲ್ಲ ಅತ್ತೆ. ಆದರೆ ಸುಳ್ಳು ಫಲಾನುಭವಿಗಳನ್ನು ಇಷ್ಟು ಜನ ಹಿಡಿದೆವು ಎಂದು ಹೇಳಿಕೊಳ್ಳುವ ಹುರುಪಿನಲ್ಲಿದ್ದರು, ಭಾಷಣವೂ ಆಗಲೇ ತಯಾರಾಗಿತ್ತು. ಕುರ್ಚಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂತ ಆ ಎರಡು ಮುಖಗಳನ್ನು ಕಂಡು ಚಹಾದ ಲೋಟ ಬಾಯಿಗೆ ಒಯ್ಯುವುದನ್ನೇ ಮರೆತರು. ಕಂಪನಿಯ ಎಂಜಿನಿಯರನ್ನು ಕರೆಸಿ ತಂಗಿಯ ಮಾಸಾಶನ ಮತ್ತೆ ಶುರುವಾಗಲಿ, ನಿಂತದ್ದೆಲ್ಲ ಕೈಸೇರಲಿ ಎಂದು ಅಲ್ಲೇ ಹೇಳಿದರು. ಬೇರೆ ಮಾಡಲು ಒಬ್ಬರ ಬಗ್ಗೆ ಒಬ್ಬರು ಹೇಳಿಕೆ ಕೊಡಬೇಕು ಎಂದ ಎಂಜಿನಿಯರ್. ಇವರು ಯಾರು ಎಂದು ತಂಗಿಯನ್ನು ಕೇಳಿದರೆ, "ನನಗಿಂತ ಮೊದಲು ಹುಟ್ಟಿದವಳು. ಅವತ್ತಿಂದ ಅದೇ ಜೋರು" ಎಂದರು. ಹೇಳಿಕೆ ಬರೆದುಕೊಳ್ಳುವವನು ಎರಡನೆಯ ವಾಕ್ಯ ಬೇಕಾ ಎಂದು ಕೇಳಿದ. ನಿರ್ದೇಶಕರು ನಕ್ಕುಬಿಟ್ಟರು. ಅಕ್ಕ ಮಾತ್ರ ನಗಲಿಲ್ಲ, ಆದರೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಅವರು ಹೋದ ಮೇಲೆ ನಿರ್ದೇಶಕರು ಸಮಾಧಾನದಿಂದ, ಒಂದು ಪ್ರಕರಣ ಬಗೆಹರಿಯಿತಲ್ಲ ಮೇಡಂ, ಇನ್ನು ರುಜು ಹಾಕಬಹುದಲ್ಲ ಎಂದರು. ನನ್ನ ಕಣ್ಣಿಗೆ ದಿನಸಿ ಇಟ್ಟ ಆ ಕಿಟಕಿಯೇ ಕಟ್ಟಿದಂತಿತ್ತು. ಇವರಿಗೆ ಅಕ್ಕ ಇದ್ದರು, ಬಂದು ಕೇಳಿದರು. ಯಾರೂ ಇಲ್ಲದವರನ್ನು ಯಂತ್ರ ಇನ್ನೊಬ್ಬರೊಳಗೆ ಸೇರಿಸಿಬಿಟ್ಟರೆ ಕೇಳುವವರು ಯಾರು? ನಾನು ಹೊರಡುವ ದಿನ ಬಾಗಿಲಲ್ಲಿ ನಿಂತು ನೀವು ಹೇಳಿದ್ದು ನೆನಪಾಯಿತು: "ಹೌದು ಅನ್ನೋಕೆ ಅವರ ಹತ್ತಿರ ಬೇಕಾದಷ್ಟು ಜನ ಇರ್ತಾರೆ. ನಿನ್ನನ್ನ ಕರೆಸಿರೋದು ಬೇಕಾದಾಗ ಇಲ್ಲ ಅನ್ನೋಕೆ." ಆಗುವುದಿಲ್ಲ ಸರ್ ಎಂದೆ. ಹೀಗೆ ಸೇರಿಸಿದವರಿಗೆಲ್ಲ ಮೊದಲು ಮಾಸಾಶನ ಮರಳಿ ಕೊಡಬೇಕು. ಯಂತ್ರ ಅನುಮಾನಪಡಲಿ, ತೀರ್ಪು ಕೊಡುವುದು ಬೇಡ. ಯಾರದ್ದನ್ನೇ ನಿಲ್ಲಿಸುವ ಮೊದಲು ಒಬ್ಬ ಮನುಷ್ಯ ಹೋಗಿ ಅವರ ಬಾಗಿಲು ಬಡಿದು ಬರಬೇಕು. ಇಷ್ಟನ್ನೂ ಬರೆದುಕೊಟ್ಟೆ. ಅವರ ಮುಖ ಬಿಗಿಯಾಯಿತು. ಸಚಿವರಿಗೆ ನಾನು ಏನೆಂದು ಹೇಳಲಿ ಎಂದು ಕೇಳಿದರು. ಇದೇ ತಿಂಗಳ ಕೊನೆಗೆ ನನ್ನ ಅವಧಿ ಮುಗಿಯುತ್ತದೆ ಎಂಬುದನ್ನು ಅವರೂ ನೆನಪಿಸಲಿಲ್ಲ, ನಾನೂ ನೆನಪಿಸಲಿಲ್ಲ.

ಬುಧವಾರ, ಗುರುವಾರ ಯಾರೂ ನನ್ನನ್ನು ಕರೆಯಲಿಲ್ಲ. ಕಾರಿಡಾರಿನಲ್ಲಿ ಎದುರಾದವರು ಗಡಿಯಾರ ನೋಡಿಕೊಂಡು ಸರಿದರು. ಕೆಲಸ ಹೋಯಿತೆಂದೇ ತಿಳಿದೆ. ದುಃಖವಾಯಿತೇ ಎಂದರೆ ಆಯಿತು, ಆದರೆ ಊಟ ಸೇರಿತು, ನಿದ್ದೆಯೂ ಬಂತು. ನಿಮ್ಮ ಮಗನಿಗೆ ಫೋನಿನಲ್ಲಿ ಹೇಳಲಿಲ್ಲ. ಹೇಳಿದರೆ ಗಾಬರಿಯಾಗಿ ಅವತ್ತು ಅನುವಾದದ ಒಂದು ಪುಟವೂ ಮುಂದೆ ಹೋಗುತ್ತಿರಲಿಲ್ಲ.

ಶುಕ್ರವಾರ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತೆ. ನಿರ್ದೇಶಕರು ಎದ್ದು ತಯಾರಾಗಿದ್ದ ಭಾಷಣವನ್ನು ಮಡಿಸಿ ಜೇಬಿಗಿಟ್ಟರು. ಮಂಗಳವಾರ ತಮ್ಮ ಕೋಣೆಗೆ ಇಬ್ಬರು ಅಕ್ಕತಂಗಿಯರು ಬಂದಿದ್ದರು ಎಂದು ಶುರು ಮಾಡಿದರು. ಹೇಳಿಕೆಯ ಎರಡನೆಯ ವಾಕ್ಯವನ್ನೂ ಬಿಡಲಿಲ್ಲ. ಸಚಿವರಿಗೆ ನಗು ಬಂತು, ಆಮೇಲೆ ಮುಖ ಸಪ್ಪಗಾಯಿತು, ಹಾಗಾದರೆ ಏನು ಮಾಡಬೇಕೆಂದು ಕೇಳಿದರು. ನಾನು ಬರೆದದ್ದನ್ನೆಲ್ಲ ನಿರ್ದೇಶಕರು ತಮ್ಮದೇ ವಿಚಾರವೆಂಬಂತೆ ಒಂದೂ ಬಿಡದೆ ಹೇಳಿದರು. ಬಾಗಿಲು ಬಡಿಯದೆ ಯಾರ ಮಾಸಾಶನವೂ ನಿಲ್ಲದು ಎಂಬುದೇ ಕೊನೆಗೆ ಘೋಷಣೆಯಾಯಿತು, ದೇಶಕ್ಕೆ ಹರಡುವುದು ಮುಂದಕ್ಕೆ ಹೋಯಿತು. ಹೊರಗೆ ಬರುವಾಗ ನಿರ್ದೇಶಕರು ನನ್ನ ಕಡೆ ನೋಡಿ ಸಂಕೋಚದಿಂದ ತಲೆ ಬಗ್ಗಿಸಿದರು. ನನಗೆ ಸ್ವಲ್ಪವೂ ಬೇಸರವಿಲ್ಲ ಅತ್ತೆ. ಹೆಸರು ಯಾರದಾದರೂ ಆಗಲಿ, ಬಾಗಿಲು ಬಡಿಯುವ ಕೆಲಸ ಆದರೆ ಸಾಕು.

ಆ ಕೆಲಸದ ಮೊದಲ ದಿನ, ಅಂದರೆ ನಿನ್ನೆ, ಸಿಬ್ಬಂದಿಯ ಜೊತೆ ನಾನೂ ಹೋಗಿದ್ದೆ. ಹಾದಿಯಲ್ಲಿ ಅವಳಿಗಳ ಮನೆ ಸಿಕ್ಕಿತು. ಎರಡೂ ಬಾಗಿಲು ತೆರೆದಿತ್ತು, ಎರಡೂ ಯಂತ್ರ ಓಡುತ್ತಿತ್ತು. ಅಕ್ಕ ನನ್ನನ್ನು ಎಳೆದು ನಿಲ್ಲಿಸಿ, ನಿಮಗೊಂದು ಕೋಟು ಹೊಲಿದು ಕೊಡುತ್ತೇನೆ ಎಂದು ಅಳತೆ ತೆಗೆಯತೊಡಗಿದರು. ಬೇಡವೆಂದರೂ ಕೇಳಲಿಲ್ಲ. ಪಕ್ಕದ ಕೋಣೆಯ ಯಂತ್ರ ನಿಂತಿತು. "ಅಮ್ಮಾ, ತೋಳಿನ ಅಳತೆ ಎರಡು ಸಲ ತೆಗೆಯೋಕೆ ಹೇಳಿ" ಎಂದಿತು ಗೋಡೆಯಾಚೆಯ ದನಿ. ಅಕ್ಕ ಟೇಪು ಹಿಡಿದುಕೊಂಡೇ, "ಎರಡು ಸಲ ತೆಗೆದಿದ್ದೀನಿ ಅಂತ ಹೇಳಿ" ಎಂದರು. ನಡುವೆ ನಿಂತ ನಾನು ಎರಡನ್ನೂ ದಾಟಿಸಿದೆ. ಅವರು ಮಾತಾಡಲು ಶುರು ಮಾಡಿದರು ಎಂದು ಬರೆಯಲು ಆಸೆ, ಆದರೆ ನಿಮ್ಮ ಹತ್ತಿರ ಸುಳ್ಳು ನಡೆಯುವುದಿಲ್ಲ.

ಬಿಸಿಲು ಮಂಚದ ತನಕ ಬಂತು, ಕೈಯೂ ಸೋತಿತು. ನೀವು ಆರೋಗ್ಯ ನೋಡಿಕೊಳ್ಳಿ. ನಿಮ್ಮ ಮಗ ಹೊತ್ತಿಗೆ ಸರಿಯಾಗಿ ಉಣ್ಣುವಂತೆ ಸ್ವಲ್ಪ ಗದರಿ, ನನ್ನ ಗದರಿಕೆ ಅಷ್ಟು ದೂರ ಮುಟ್ಟುವುದಿಲ್ಲ. ನಿಮ್ಮ ಆಶೀರ್ವಾದ ನನ್ನ ಬೆನ್ನಿಗಿರಲಿ.

ನಿಮ್ಮ ಮುದ್ದಿನ, ಹಠಮಾರಿ
ಸೊಸೆ

ಮರೆತೆ ನೋಡಿ, ಇದನ್ನೇ ಮೊದಲು ಬರೆಯಬೇಕಿತ್ತು. ಬಾಗಿಲಿಗೆ ಹೋಗಿ ಬರುವ ಈ ಕೆಲಸವನ್ನು ನಾನೇ ನಿಂತು ಕಟ್ಟಿಕೊಡಬೇಕು, ಇನ್ನೂ ಎರಡು ವರ್ಷ ಇರಿ ಎಂದು ನಿರ್ದೇಶಕರು ನಿನ್ನೆ ಸಂಜೆ ಕೇಳಿದರು. ಇನ್ನೂ ಒಪ್ಪಿಲ್ಲ. ನಿಮ್ಮ ಮಗನದು ಎಲ್ಲಿ ಕೂತರೂ ನಡೆಯುವ ಕೆಲಸ, ಅವರನ್ನು ನಾನು ಕೇಳುವುದಿಲ್ಲ, ಹೇಳುತ್ತೇನೆ. ಕೇಳುತ್ತಿರುವುದು ನಿಮ್ಮನ್ನು. ನೀವೂ ಬರುತ್ತೀರಾ? ಒಂದು ಮನೆ ನೋಡಿಟ್ಟಿದ್ದೇನೆ. ನೆಲಮಹಡಿ, ಹತ್ತಲು ಒಂದೂ ಮೆಟ್ಟಿಲಿಲ್ಲ, ಎದುರಿಗೇ ಶಾಲೆ, ಗಂಟೆ ಬಾರಿಸಿದ್ದು ಒಳಗೆ ಕೂತರೂ ಕೇಳುತ್ತದೆ. ನಿಮಗೆ ಮನಸ್ಸಿಲ್ಲದಿದ್ದರೆ ಸಂಕೋಚಪಡಬೇಡಿ, ತಿಂಗಳ ಕೊನೆಗೆ ಪೆಟ್ಟಿಗೆ ಕಟ್ಟಿಕೊಂಡು ನಾನೇ ಖುಷಿಯಿಂದ ಬಂದುಬಿಡುತ್ತೇನೆ. ಈ ಕಾಗದ ತರುವವರು ನಮ್ಮ ಲೆಕ್ಕ ತಪಾಸಣೆಯವರು, ಗುರುವಾರ ಅಲ್ಲಿಂದ ವಾಪಸು ಹೊರಡುತ್ತಾರೆ. ಉತ್ತರ ಅವರ ಕೈಯಲ್ಲೇ ಕೊಡಿ. ಇಲ್ಲಿ ಎಲ್ಲ ಒಗ್ಗಿದೆ ಅತ್ತೆ. ಸಂಜೆ ಬಂದಾಗ ಬೀಗ ನಾನೇ ತೆಗೆಯಬೇಕಲ್ಲ, ಅದೊಂದು ಮಾತ್ರ ಒಗ್ಗಿಲ್ಲ.